‘ಕೆವನ್ ಗ್ವ್ಲಾಡ್’ ಅಂದರೆ ಹಿನ್ನಾಡೇ?

ಪ್ರಶ್ನೆ: ವೇಲ್ಸಿನ ರೈತ, ಟಿವಿ ನಿರೂಪಕ ಡೈ ಜೋನ್ಸ್ (1943–2022) ಕುರಿತ ಪರಿಚಯಕ್ಕೆ ಮೂರು ಸಂದೇಹ. ಅವರ ಕಾರ್ಯಕ್ರಮ ‘ಕೆವನ್ ಗ್ವ್ಲಾಡ್’ ಹೆಸರನ್ನು ‘ಹಿನ್ನಾಡು’ ಎನ್ನಬಹುದೇ? ಅವರ ಊರನ್ನು ‘ಲಾನಿಲಾರ್’ ಎಂದು ಬರೆದರೆ ಸರಿಯೇ? ‘ಕೃಷಿ ನಿರೂಪಕ’ ಎನ್ನಬಹುದೇ?

ಉತ್ತರ: ‘ಹಿನ್ನಾಡು’ ಬೇಡ. ಕೆವನ್ ಅಂದರೆ ಬೆನ್ನು, ಗ್ವ್ಲಾಡ್ ಅಂದರೆ ನಾಡು, ಅಲ್ಲಿಯವರೆಗೆ ಸರಿ. ಆದರೆ ವೆಲ್ಷ್‌ನಲ್ಲಿ ವಿಶೇಷಣ ನಾಮಪದದ ಆಮೇಲೆ ಬರುತ್ತದೆ, ನಮ್ಮದಕ್ಕೆ ತಿರುಗುಮುರುಗು. ಹಾಗಾಗಿ ಅದು ‘ನಾಡಿನ ಬೆನ್ನು’, ‘ಹಿಂದಿನ ನಾಡು’ ಅಲ್ಲ. ಬಳಕೆಯಲ್ಲಿ ಬೆನ್ನಿನ ನೆನಪೂ ಉಳಿದಿಲ್ಲ, ಪೇಟೆಯಲ್ಲದ ಸೀಮೆ ಎಂದಷ್ಟೇ ಅರ್ಥ. ‘ಹಳ್ಳಿಗಾಡು’ ಅಂದರೆ ಮುಗಿಯಿತು. ‘ಹಿನ್ನಾಡು’ ಅಂದರೆ ಓದುಗರ ಕಿವಿಗೆ ‘ಹಿಂದುಳಿದ’ ಕೇಳುತ್ತದೆ. ಬರೆಯುವಾಗ Cefn ಅನ್ನು ‘ಸೆಫ್ನ್’ ಅನ್ನಬೇಡಿ: ಅಲ್ಲಿ ಸಿ ಯಾವಾಗಲೂ ಕಕಾರ, ಒಂಟಿ ಎಫ್ ವಕಾರ. ಗ್ವ್ಲಾಡ್ ಒಂದೇ ಉಸಿರಿನ ಮಾತು, ‘ಗುಲಾಡ್’ ಎಂದರೆ ಎರಡಾಗುತ್ತದೆ.

ಊರಿನ ಮೊದಲ ಅಕ್ಷರ ಲಕಾರವೂ ಅಲ್ಲ, ಳಕಾರವೂ ಅಲ್ಲ. ನಾಲಗೆಯ ತುದಿಯನ್ನು ಲಕಾರಕ್ಕೆ ಇಟ್ಟಂತೆಯೇ ಇಟ್ಟು, ಕಂಠದ ನಾದ ನಿಲ್ಲಿಸಿ, ನಾಲಗೆಯ ಅಂಚಿನಿಂದ ಉಸಿರನ್ನಷ್ಟೇ ಬಿಡಬೇಕು. ‘ಪ್ರಹ್ಲಾದ’ದ ಹ್ಲ ಅನ್ನು ಪಿಸುಗುಟ್ಟಿದರೆ ಹತ್ತಿರ ಹೋದಂತೆ. ಆದ್ದರಿಂದ ‘ಹ್ಲನೀಲರ್’, ಒತ್ತು ನಡುವಿನ ‘ನೀ’ ಮೇಲೆ. ಹ್ಲನ್ ಅಂದರೆ ಚರ್ಚು, ಇಲಾರ್ ಒಬ್ಬ ಸಂತ. ಇಲ್ಲೂ ‘ಚರ್ಚು’ ಮೊದಲು, ಸಂತ ಆಮೇಲೆ.

ಅವರನ್ನು ‘ಡೈ ಜೋನ್ಸ್ ಹ್ಲನೀಲರ್’ ಎಂದೇ ಕರೆಯುತ್ತಿದ್ದರು. ಜೋನ್ಸ್, ಡೇವಿಸ್, ಇವಾನ್ಸ್ ಎಂಬ ಬೆರಳೆಣಿಕೆಯ ಮನೆತನದ ಹೆಸರುಗಳು ಇಡೀ ನಾಡಿಗೆ ಹಂಚಿಹೋಗಿರುವಾಗ ಗುರುತಿಗೆ ಊರು ಬೇಕೇ ಬೇಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಊರು ಮುಂದೆ, ಇಲ್ಲಿ ಹಿಂದೆ, ಅಷ್ಟೇ. ತಲೆಬರಹದಲ್ಲಿ ಅವರ ಕ್ರಮ ಇರಲಿ, ಒಳಗೆ ‘ಹ್ಲನೀಲರಿನ ಡೈ ಜೋನ್ಸ್’ ಅನ್ನಿ.

‘ಕೃಷಿ ನಿರೂಪಕ’ ಅಂದರೆ ಗೊಬ್ಬರದ ಪ್ರಮಾಣ ಹೇಳುವವರು ಎಂದಾಗುತ್ತದೆ. ಡೈ ಮಾಡಿದ್ದು ಅದಲ್ಲ. ವೆಲ್ಷ್ ಭಾಷೆಯ ಟಿವಿ ವಾಹಿನಿ ಎಸ್‌ಫೋರ್‌ಸಿ ಹುಟ್ಟಿದ್ದು 1982ರ ನವೆಂಬರ್ 1ರಂದು. ಅದರ ಆರಂಭದ ದಿನಗಳಿಂದ ಮೂರು ದಶಕಕ್ಕೂ ಮೀರಿ ಅವರು ರೈತರ ಅಂಗಳಕ್ಕೇ ಹೋಗಿ ಮಾತಾಡಿಸಿದರು. ತಾವೂ ದನ, ಕುರಿ ಸಾಕಿದವರು. ‘ಹಳ್ಳಿಗಾಡಿನ ಕಾರ್ಯಕ್ರಮದ ನಿರೂಪಕ, ರೈತ’ ಎಂದು ಬಿಡಿಸಿ ಬರೆಯುವುದೇ ಲೇಸು.

ಇದೇ ಪರಿಚಯದ ಉಳಿದ ಹೆಸರುಗಳಿಗೆ ಇನ್ನೊಂದು ಉತ್ತರ: ಡೈ ನಡೆಸಿಕೊಟ್ಟ ದಂಪತಿಗಳ ಟಿವಿ ರಸಪ್ರಶ್ನೆಯ ಹೆಸರು ‘ಶೋನ್ ಆ ಶಾನ್’, ‘ಸಿಯಾನ್’ ಅಲ್ಲ. ಎಸ್ ಆದಮೇಲೆ ಐ, ಅದರ ಬಳಿಕ ಇನ್ನೊಂದು ಸ್ವರ ಬಂದರೆ ಶಕಾರ. ಅವರ ರೇಡಿಯೊ ಕಾರ್ಯಕ್ರಮ ‘ಆರ್ ಐಖ್ ಕೈಸ್’ ಅನ್ನು ‘ನಿಮ್ಮ ಕೋರಿಕೆಯ ಮೇರೆಗೆ’ ಎಂದು ಕಣ್ಣುಮುಚ್ಚಿ ಬರೆಯಬಹುದು. 1970ರಲ್ಲಿ ರಾಷ್ಟ್ರೀಯ ಐಸ್ಟೆಡ್‌ವೋಡ್‌ನಲ್ಲಿ, ಅಂದರೆ ವೆಲ್ಷ್ ಸಾಹಿತ್ಯ, ಸಂಗೀತದ ಸ್ಪರ್ಧೆಗಳ ಉತ್ಸವದಲ್ಲಿ, ಅವರು ಹಾಡಿ ಗೆದ್ದ ಬಹುಮಾನ ‘ಹ್ರೀಬನ್ ಗ್ಲಾಸ್’ ಗಾಜಿನದ್ದಲ್ಲ, ನೀಲಿ ಪಟ್ಟಿ. ಇಲ್ಲಿಯೂ ಬಣ್ಣ ಕೊನೆಗೆ.