ಜಪಾನಿ ವಿಷುಯಲ್ ನಾವೆಲ್: ಇಂಗ್ಲಿಷ್‌ಗೆ ಬರುವಾಗ ಊರನ್ನೂ ಬದಲಾಯಿಸಬೇಕಾ?

ಕೆಂಪುಸತ್ಯ:
ವಿಷುಯಲ್ ನಾವೆಲ್ ಅಂದರೆ ಏನು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪರದೆ ಮೇಲೆ ಚಿತ್ರ, ಹಿಂದೆ ಸಂಗೀತ, ಮುಂದೆ ಕಥೆ. ಕ್ಲಿಕ್ ಮಾಡುತ್ತಾ ಓದುತ್ತಾ ಹೋಗುವುದು. ಅಲ್ಲಲ್ಲಿ ಆಯ್ಕೆ ಬರುತ್ತದೆ, ಆಯ್ಕೆ ತಪ್ಪಿದರೆ ಎಷ್ಟೋ ಸಲ ನಾಯಕನೇ ಸಾಯುತ್ತಾನೆ. ಒಳ್ಳೆಯವು ಹೆಚ್ಚಾಗಿ ಜಪಾನಿನವು. ನಮ್ಮಂಥವರಿಗೆ ಸಿಗುವುದು ಇಂಗ್ಲಿಷ್‌ನಲ್ಲಿ. ಅನುವಾದ ಕೆಟ್ಟರೆ ಕಥೆಯೂ ಕೆಟ್ಟ ಹಾಗೆ.

ಈಗ ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಉಮಿನೆಕೊ ಅನ್ನುವ ಕೊಲೆ ರಹಸ್ಯದ ಕಥೆಯ ಇಂಗ್ಲಿಷ್ ಚೆನ್ನಾಗಿದೆ. ವಿಚ್ ಹಂಟ್ ಅನ್ನುವ ಅಭಿಮಾನಿಗಳ ಗುಂಪು ಮಾಡಿದ್ದನ್ನೇ ತಿದ್ದಿ ಮಾಂಗಾಗೇಮರ್ ಕಂಪನಿಯವರು 2016ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೆ ತಂದರು. ಅದೇ ವರ್ಷ ಅವರೇ ತಂದ ಫಾಟಾ ಮೊರ್ಗಾನಾ ಇನ್ನೂ ಚೆಂದ. ಕೇಯಾಸ್ ಹೆಡ್ ನೋವಾ 2022ರಲ್ಲಿ ಬಂದಾಗ ಅದರ ಇಂಗ್ಲಿಷ್ ನೋಡಿ ತಲೆ ಕೆಟ್ಟಿತು. ಕಮಿಟಿ ಆಫ್ ಝೀರೋ ಅನ್ನುವ ಅಭಿಮಾನಿಗಳು ಪ್ಯಾಚ್, ಅಂದರೆ ಆಟಕ್ಕೆ ಮೇಲಿಂದ ಹಾಕುವ ತೇಪೆ, ಮಾಡಿ ಸರಿಪಡಿಸಬೇಕಾಯಿತು. ಅಂದರೆ ಕಾಸು ಕೊಟ್ಟರೆ ಕಳಪೆ, ಪುಕ್ಕಟೆ ಮಾಡಿದವರದ್ದು ಚೆನ್ನ.

ಆದರೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಏಸ್ ಅಟಾರ್ನಿಗೆ ಆಗಿದ್ದು. 2001ರ ಜಪಾನಿ ಆಟ, ಕೋರ್ಟಿನಲ್ಲಿ ಕೇಸು ನಡೆಸುವ ವಕೀಲನ ಕಥೆ. 2005ರಲ್ಲಿ ಇಂಗ್ಲಿಷ್ ಮಾಡುವಾಗ ಇಡೀ ಕಥೆಯನ್ನು ಎತ್ತಿ ಲಾಸ್ ಏಂಜಲೀಸ್‌ನಲ್ಲಿ ಇಟ್ಟರು. ನಾಯಕ ನಾರುಹೊದೋ ಹೋಗಿ ಫೀನಿಕ್ಸ್ ರೈಟ್ ಆದ. ಮಿಸೊ ರಾಮೆನ್ ಅನ್ನುವ ಜಪಾನಿ ನೂಡಲ್‌ಗೆ ಪ್ರಾಣ ಬಿಡುತ್ತಿದ್ದ ಹುಡುಗಿ ಬರ್ಗರ್ ಬರ್ಗರ್ ಅನ್ನತೊಡಗಿದಳು. ಇದು ಅನುವಾದ ಅಲ್ಲ, ರೀಮೇಕ್.

ವಕೀಲ್_ಸಾಹೇಬ:
ರೀಮೇಕ್ ಅಂತೆ! ಡಬ್ಬಿಂಗ್ ಬೇಕಾ ರೀಮೇಕ್ ಬೇಕಾ ಅಂತ ದಶಕಗಟ್ಟಲೆ ಕಿತ್ತಾಡಿದ ಊರಿನವರು ನಾವು, ಆ ಪದವನ್ನು ಸುಮ್ನೆ ಎಸೆಯಬೇಡಿ. ಕೊಲೆಗಾರ ಅವನೇ, ಸಾಕ್ಷಿ ಅದೇ, ಕೋರ್ಟಿನಲ್ಲಿ ಸಿಕ್ಕಿಬೀಳುವ ಸುಳ್ಳೂ ಅದೇ. ಬದಲಾದದ್ದು ಹೆಸರು ಮತ್ತು ಊಟ. ಆ ಆಟದಲ್ಲಿ ಜನರ ಹೆಸರೇ ಜೋಕು. ಜಪಾನಿ ಹೆಸರನ್ನು ಹಾಗೇ ಬಿಟ್ಟಿದ್ದರೆ ಇಂಗ್ಲಿಷ್ ಓದುವವನಿಗೆ ಒಂದಕ್ಕೂ ನಗು ಬರುತ್ತಿರಲಿಲ್ಲ. ಅದರ ಅನುವಾದಕ ಅಲೆಕ್ಸಾಂಡರ್ ಓ. ಸ್ಮಿತ್ ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. ನಾನು ಓದಿದ ವಿಷುಯಲ್ ನಾವೆಲ್‌ಗಳಲ್ಲಿ ಅದಕ್ಕಿಂತ ಚುರುಕಾದ ಇಂಗ್ಲಿಷ್ ಇನ್ನೊಂದಿಲ್ಲ.

ಲೀಫ್_1996:
"ನಾನು ಓದಿದ ವಿಷುಯಲ್ ನಾವೆಲ್‌ಗಳಲ್ಲಿ"? ಒಂದು ನಿಮಿಷ ಸಾಹೇಬ್ರೆ. ಏಸ್ ಅಟಾರ್ನಿ ವಿಷುಯಲ್ ನಾವೆಲ್ಲೇ ಅಲ್ಲ. ಅದು ಅಡ್ವೆಂಚರ್ ಗೇಮ್. ಅದನ್ನು ಹಿಡಿದುಕೊಂಡು ವಿಷುಯಲ್ ನಾವೆಲ್ ಅನುವಾದದ ಬಗ್ಗೆ ತೀರ್ಪು ಕೊಡಬೇಡಿ.

ಊರು ಬದಲಾಯಿಸದೆ ಹೇಗೆ ಮಾಡುತ್ತಾರೆ ಅಂತ ನೋಡಬೇಕಾದರೆ ಸ್ಟೈನ್ಸ್ ಗೇಟ್ ಓದಿ. ಜಾಸ್ಟ್ ಯುಎಸ್ಎ ಕಂಪನಿ 2014ರಲ್ಲಿ ತಂದದ್ದು. ಟೋಕಿಯೊದ ಅಕಿಹಬಾರ ಅಕಿಹಬಾರವಾಗಿಯೇ ಉಳಿದಿದೆ. ಜಪಾನಿ ಇಂಟರ್‌ನೆಟ್ ಮಾತು ಅರ್ಥ ಆಗದಿದ್ದರೆ ಟಿಪ್ಸ್ ಅನ್ನುವ ಆಟದೊಳಗಿನ ಪದಕೋಶ ತೆಗೆದು ನೋಡಬಹುದು. ನಿಜವಾದ ವಿಷುಯಲ್ ನಾವೆಲ್ ಅಂದರೆ ಅದು.

ವಕೀಲ್_ಸಾಹೇಬ:
ಟಿಪ್ಸ್ ಜಪಾನಿ ಆಟದಲ್ಲೇ ಇದ್ದ ಸೌಕರ್ಯ. ಅನುವಾದಕ ಕೊಟ್ಟ ದಾನ ಅಲ್ಲ. ಎಲ್ಲ ಆಟಕ್ಕೂ ಆ ಅದೃಷ್ಟ ಇರುವುದಿಲ್ಲ.

ಇನ್ನು ವಿಷುಯಲ್ ನಾವೆಲ್ ಅಲ್ಲ ಅನ್ನುವುದಕ್ಕೆ: ವಿಎನ್‌ಡಿಬಿ ಅನ್ನುವ ವಿಷುಯಲ್ ನಾವೆಲ್ ಪಟ್ಟಿಯ ಜಾಲತಾಣ ತೆಗೆಯಿರಿ, ಏಸ್ ಅಟಾರ್ನಿ ಅಂತ ಹುಡುಕಿ. ಸಿಗುತ್ತದೆ. ಮುಗಿಯಿತು.

ಲೀಫ್_1996:
"ಮುಗಿಯಿತು" ಅಂತೆ. ವಿಎನ್‌ಡಿಬಿ ತುಂಬಿಸುವುದು ನಿಮ್ಮ ನಮ್ಮಂಥ ಓದುಗರು. ಚರಿತ್ರೆ ನೋಡಿ ಗುರು. 1992ರಲ್ಲಿ ಚುನ್‌ಸಾಫ್ಟ್ ಕಂಪನಿ ಒತೊಗಿರಿಸೊ ಅನ್ನುವ ಆಟ ತಂದಿತು. ಪರದೆ ತುಂಬಾ ಅಕ್ಷರ, ಹಿಂದೆ ಸದ್ದು. ಅದನ್ನು ಸೌಂಡ್ ನಾವೆಲ್ ಅಂದರು. ಆ ಹೆಸರು ಚುನ್‌ಸಾಫ್ಟ್‌ನ ಟ್ರೇಡ್‌ಮಾರ್ಕ್. 1996ರಲ್ಲಿ ಲೀಫ್ ಕಂಪನಿ ಶಿಜುಕು ತಂದಾಗ "ಲೀಫ್ ವಿಷುಯಲ್ ನಾವೆಲ್ ಸರಣಿ" ಅಂತ ಹೆಸರಿಟ್ಟಿತು. ಹೆಸರು ಬಂದದ್ದೇ ಅಲ್ಲಿಂದ. ಏಸ್ ಅಟಾರ್ನಿಯ ವಂಶ ಬೇರೆ. ಅದರ ಅಜ್ಜ 1983ರ ಪೋರ್ಟೊಪಿಯಾ. ಹುಡುಕು, ಕೇಳು, ತೋರಿಸು. ನಾವೆಲ್‌ನಲ್ಲಿ ಸಾಕ್ಷಿ ತೋರಿಸುತ್ತಾ ಕೂರುತ್ತಾರಾ?

ಸಂಪಿಗೆ:
ಸೌಂಡ್ ನಾವೆಲ್ ಬೇರೆ, ವಿಷುಯಲ್ ನಾವೆಲ್ ಬೇರೆ ಅಂತಾದರೆ ಹಿಗುರಾಶಿ, ಉಮಿನೆಕೊ ಎರಡೂ ಹೊರಗೆ ಹೋಗುತ್ತವೆ. ಅವನ್ನು ಮಾಡಿದ ಸೆವೆಂತ್ ಎಕ್ಸ್‌ಪ್ಯಾನ್ಷನ್‌ನವರೇ ತಮ್ಮದು ಸೌಂಡ್ ನಾವೆಲ್ ಅಂದುಕೊಂಡವರು. ಕೆಂಪುಸತ್ಯ, ನಿಮ್ಮ ಹೆಸರೇ ಉಮಿನೆಕೊದಿಂದ ಬಂದದ್ದು, ನಿಮ್ಮನ್ನೂ ಹೊರಗೆ ಹಾಕಬೇಕಾಗುತ್ತದೆ.

ಲೀಫ್_1996:
ನಾನು ಹಾಗೆ ಹೇಳಲಿಲ್ಲ. ಹೆಸರು ಏನೇ ಇರಲಿ, ಓದುವ ರೀತಿ ಒಂದೇ ಆದರೆ ಎರಡೂ ಒಂದೇ.

ಸಂಪಿಗೆ:
ಓಹೋ. ನಿಮಗೆ ಬೇಕಾದಾಗ ಹೆಸರು ಮುಖ್ಯ, ಬೇಡವಾದಾಗ "ಹೆಸರು ಏನೇ ಇರಲಿ". ಚೆನ್ನಾಗಿದೆ ಸರ್.

ಪ್ಯಾಚ್_ಮಂಜ:
ನಾನು ಮೊದಲಿನ ಮಾತಿಗೆ ಬರುತ್ತೇನೆ. "ಪುಕ್ಕಟೆ ಮಾಡಿದವರದ್ದು ಚೆನ್ನ." ನೂರಕ್ಕೆ ನೂರು ಸರಿ. ಫೇಟ್ ಸ್ಟೇ ನೈಟ್ 2004ರದ್ದು. ಮಿರರ್ ಮೂನ್ ಗುಂಪು 2008ರಲ್ಲಿ ಇಂಗ್ಲಿಷ್ ಪ್ಯಾಚ್ ಕೊಟ್ಟಿತು. ಕಂಪನಿಯ ಇಂಗ್ಲಿಷ್ ಬಂದದ್ದು 2024ರಲ್ಲಿ. ಇಪ್ಪತ್ತು ವರ್ಷ! ಕಾಯುತ್ತಾ ಕೂತಿದ್ದರೆ ಓದುವ ವಯಸ್ಸೇ ಮೀರುತ್ತಿತ್ತು. ನಾರ್ಸಿಸ್ಸು ಅಂತ ಚಿಕ್ಕ ಕಥೆ ಇದೆ, ಪುಕ್ಕಟೆ ಸಿಗುತ್ತಿತ್ತು. ಇನ್ಸಾನಿ ಗುಂಪಿನವರು ಅದಕ್ಕೆ ಇಬ್ಬರು ಅನುವಾದಕರ ಎರಡು ಬೇರೆ ಬೇರೆ ಇಂಗ್ಲಿಷ್ ಕೊಟ್ಟರು, ಯಾವುದು ಬೇಕೋ ಓದಿಕೊಳ್ಳಿ ಅಂತ. ಯಾವ ಕಂಪನಿ ಹಾಗೆ ಮಾಡುತ್ತದೆ?

ಸಂಪಿಗೆ:
"ನೂರಕ್ಕೆ ನೂರು" ಅನ್ನಬೇಡಿ ಮಂಜಣ್ಣ. ಹಿಗುರಾಶಿಗೆ ಮಾಂಗಾಗೇಮರ್ 2009ರಲ್ಲಿ ಮಾಡಿದ ಇಂಗ್ಲಿಷ್ ಜನಕ್ಕೆ ಹಿಡಿಸಲಿಲ್ಲ. ಅದೇ ಕಂಪನಿ 2015ರಿಂದ ಹೊಸದಾಗಿ ಅನುವಾದ ಮಾಡಿಸಿತು. ಕಾಸು ಬಂದರೆ ತಾನೇ ಎರಡನೇ ಸಲ ಮಾಡಿಸುವುದು? ಕ್ಲನಾಡ್ ಕೂಡ 2004ರದ್ದೇ. 2014ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ಚಂದಾ ಎತ್ತುವ ಜಾಲತಾಣದಲ್ಲಿ ಅಭಿಮಾನಿಗಳು ಐದು ಲಕ್ಷ ಡಾಲರ್‌ಗಿಂತ ಜಾಸ್ತಿ ಹಾಕಿದರು, ಮುಂದಿನ ವರ್ಷ ಸ್ಟೀಮ್‌ಗೆ ಬಂತು. ಪುಕ್ಕಟೆ ಪುಕ್ಕಟೆ ಅನ್ನುವವರು ಆ ಐದು ಲಕ್ಷದ ಲೆಕ್ಕ ಮರೆಯುತ್ತಾರೆ.

ಪ್ಯಾಚ್_ಮಂಜ:
"ಲೆಕ್ಕ ಮರೆಯುತ್ತಾರೆ"? ನಾನು ಕಳ್ಳ ಅಂತ ಹೇಳುತ್ತಿದ್ದೀರಾ? ಪ್ಯಾಚ್ ಹಾಕುವವನ ಹತ್ತಿರ ಮೂಲ ಆಟ ಇರಬೇಕು, ಆಟ ಪುಕ್ಕಟೆ ಬರುವುದಿಲ್ಲ. ತಿಳಿದುಕೊಂಡು ಮಾತಾಡಿ.

ಸಂಪಿಗೆ:
ಕಳ್ಳ ಅಂತ ಎಲ್ಲಿ ಹೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಕೆಂಪುಸತ್ಯ:
ವಿಷಯಕ್ಕೆ ಬನ್ನಿ. ಊರು ಬದಲಾಯಿಸುವುದು ಸರಿಯಾ? ಏಸ್ ಅಟಾರ್ನಿ ಬೇಡ ಅಂದರೆ ಬೇರೆ ಉದಾಹರಣೆ ಕೊಡುತ್ತೇನೆ. ಕಮೈತಾಚಿ ನೊ ಯೊರು, ಚುನ್‌ಸಾಫ್ಟ್, 1994. ಹಿಮದಲ್ಲಿ ಸಿಕ್ಕಿಕೊಂಡ ವಸತಿಗೃಹ, ಒಳಗೆ ಕೊಲೆ. 2014ರಲ್ಲಿ ಬ್ಯಾನ್‌ಶೀಸ್ ಲಾಸ್ಟ್ ಕ್ರೈ ಅಂತ ಹೆಸರು ಬದಲಿಸಿ ಮೊಬೈಲ್‌ಗೆ ಇಂಗ್ಲಿಷ್‌ನಲ್ಲಿ ತಂದರು. ಜಪಾನಿನ ಬೆಟ್ಟ ಕೆನಡಾ ಆಯಿತು! ಜಪಾನಿನಲ್ಲಿ ಹಿಮ ಬೀಳುವುದಿಲ್ಲವಾ? ಇದು ವಿಷುಯಲ್ ನಾವೆಲ್ ಅಲ್ಲ ಅನ್ನಲು ಲೀಫ್ ಅಣ್ಣನಿಗೂ ಆಗುವುದಿಲ್ಲ.

ಲೀಫ್_1996:
ಅದು ಸೌಂಡ್ ನಾವೆಲ್.

ಕೆಂಪುಸತ್ಯ:
ಅಯ್ಯೋ ದೇವರೇ.

ವಕೀಲ್_ಸಾಹೇಬ:
"ಕೆನಡಾ ಆಯಿತು" ಅಂತ ಕೂಗುವುದು ಸುಲಭ. ಆದರೆ ಏಸ್ ಅಟಾರ್ನಿಯವರು ಊರು ಬದಲಿಸಿ ಸುಮ್ಮನೆ ಕೂರಲಿಲ್ಲ. ಸರಣಿ ಬೆಳೆದ ಹಾಗೆ ಆತ್ಮ ಕರೆಯುವ ಜಪಾನಿ ಹಳ್ಳಿ, ನೂಡಲ್ ಗಾಡಿ ಎಲ್ಲ ಕ್ಯಾಲಿಫೋರ್ನಿಯಾದಲ್ಲೇ ಇರಬೇಕಾಯಿತು. ಜಪಾನಿನಿಂದ ಹೋದವರನ್ನು ಅಮೆರಿಕ ಚೆನ್ನಾಗಿ ನಡೆಸಿಕೊಂಡಿದ್ದರೆ ಕ್ಯಾಲಿಫೋರ್ನಿಯಾ ಹೇಗಿರುತ್ತಿತ್ತು, ಇದು ಆ ಕ್ಯಾಲಿಫೋರ್ನಿಯಾ ಅಂತ ಅನುವಾದದ ಹೊಣೆ ಹೊತ್ತ ಜಾನೆಟ್ ಸೂ ವಿವರಣೆಯನ್ನೇ ಕೊಟ್ಟರು. ಅಭಿಮಾನಿಗಳು ಪ್ರೀತಿಯಿಂದ ಜಪಾನಿಫೋರ್ನಿಯಾ ಅನ್ನುತ್ತಾರೆ. ಅನುವಾದದಿಂದಲೇ ಒಂದು ಹೊಸ ಊರು ಹುಟ್ಟಿತು. ಇದನ್ನು ಅನ್ಯಾಯ ಅನ್ನುತ್ತೀರಾ?

ಕೆಂಪುಸತ್ಯ:
"ವಿವರಣೆಯನ್ನೇ ಕೊಟ್ಟರು". ಹೌದು, ಕೊಡಬೇಕಾಯಿತು. ತಪ್ಪು ಮಾಡಿದವನು ತಾನೇ ವಿವರಣೆ ಕೊಡುವುದು. ಮುಂದೆ ಅದೇ ಕಂಪನಿ ಗ್ರೇಟ್ ಏಸ್ ಅಟಾರ್ನಿಯನ್ನು 2021ರಲ್ಲಿ ಇಂಗ್ಲಿಷ್‌ಗೆ ತಂದಾಗ ಏನು ಮಾಡಿತು? ನಾಯಕ ರ್ಯೂನೊಸುಕೆ ನಾರುಹೊದೋ ಆಗಿಯೇ ಉಳಿದ. ಜಪಾನ್ ಜಪಾನಾಗಿ, ಲಂಡನ್ ಲಂಡನ್ನಾಗಿ ಉಳಿಯಿತು. ಯಾರಿಗೂ ಓದಲು ಕಷ್ಟ ಆಗಲಿಲ್ಲ. ಆ ಜಪಾನಿ ಹೆಸರುಗಳನ್ನು ನುಂಗಿಕೊಂಡ ಜನಕ್ಕೆ 2005ರಲ್ಲಿ ಬರ್ಗರ್ ಯಾಕೆ ಬೇಕಿತ್ತು?

ವಕೀಲ್_ಸಾಹೇಬ:
ಅದರಲ್ಲೂ ಷೆರ್ಲಾಕ್ ಹೋಮ್ಸ್ ಹೋಗಿ ಹರ್ಲಾಕ್ ಶೋಮ್ಸ್ ಆಗಿದ್ದಾನೆ. ಅದರ ಬಗ್ಗೆ ಯಾಕೆ ಮಾತಿಲ್ಲ?

ಕೆಂಪುಸತ್ಯ:
ಆ ಹೆಸರು ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಮಾರಿಸ್ ಲಬ್ಲಾಂ ತನ್ನ ಲುಪ್ಯಾಂ ಕಥೆಗಳಲ್ಲಿ ಬಳಸಿದ್ದು. ಅನುವಾದಕರ ತಲೆಯಿಂದ ಬಂದದ್ದಲ್ಲ.

ವಕೀಲ್_ಸಾಹೇಬ:
ಬದಲಾಯಿಸಿದ್ದು ಹೌದೋ ಅಲ್ಲವೋ?

ಕಾಂಜಿ_ಕಾಕ:
ಎಲ್ಲ ಓದಿದೆ. ಒಂದು ಪ್ರಶ್ನೆ. ಇಲ್ಲಿ ಯಾರಿಗೆ ಜಪಾನಿ ಬರುತ್ತದೆ? ಫಾಟಾ ಮೊರ್ಗಾನಾ ಅನುವಾದ "ಇನ್ನೂ ಚೆಂದ" ಅಂತೀರಲ್ಲ, ಮೂಲ ನೋಡದೆ ಹೇಗೆ ಗೊತ್ತಾಯಿತು? ಇಂಗ್ಲಿಷ್ ಚೆಂದ ಅನ್ನಿ, ಅನುವಾದ ಚೆಂದ ಅನ್ನಬೇಡಿ. ನಾನಂತೂ ಈಗ ಅನುವಾದಕರಿಗೆ ಕಾಯುವುದೇ ಇಲ್ಲ. ಟೆಕ್ಸ್ಟ್ರಾಕ್ಟರ್ ಅನ್ನುವ ತಂತ್ರಾಂಶ ಹಾಕಿದರೆ ಆಟ ನಡೆಯುತ್ತಿರುವಾಗಲೇ ಅಕ್ಷರಗಳನ್ನು ಎತ್ತಿ ಕೊಡುತ್ತದೆ. ಅದನ್ನು ಅನುವಾದಿಸುವ ಯಂತ್ರಕ್ಕೆ ಕೊಟ್ಟರೆ ಆಯಿತು. ಊರೂ ಬದಲಾಗುವುದಿಲ್ಲ, ರಾಮೆನ್ ರಾಮೆನ್ ಆಗಿಯೇ ಇರುತ್ತದೆ.

ಸಂಪಿಗೆ:
ಜಪಾನಿ ಬರುವವರು ಯಂತ್ರದಲ್ಲಿ ಯಾಕೆ ಓದುತ್ತೀರಿ ಕಾಕಾ?

ಅದು ಬಿಡಿ. ಜಪಾನಿಯಲ್ಲಿ ವಾಕ್ಯದ ಕರ್ತೃವನ್ನು ಎಷ್ಟೋ ಸಲ ಹೇಳುವುದೇ ಇಲ್ಲ. ಬಂದದ್ದು ಅವನಾ ಅವಳಾ ಅಂತ ಓದುಗ ತಾನೇ ಊಹಿಸಬೇಕು. ಕೊಲೆ ಕಥೆ ಬರೆಯುವವರಿಗೆ ಅದೇ ಬಂಡವಾಳ. ಯಂತ್ರ ಅಲ್ಲಿ ತನಗೆ ತೋಚಿದ್ದನ್ನು ಹಾಕುತ್ತದೆ. ಒಂದು ಸಾಲಿನಲ್ಲಿ ಅವನು, ಮುಂದಿನ ಸಾಲಿನಲ್ಲಿ ಅವಳು. ಮೂವತ್ತು ಗಂಟೆ ಕಾದು ತೆರೆಯಬೇಕಾದ ಗುಟ್ಟನ್ನು ಮೊದಲ ಗಂಟೆಯಲ್ಲೇ ಒಡೆಯಬಹುದು, ಇಲ್ಲವೇ ಸುಳ್ಳು ಗುಟ್ಟು ಕಟ್ಟಬಹುದು. ಒಳ್ಳೆಯ ಅನುವಾದಕ ವಾಕ್ಯವನ್ನು ತಿರುಗಿಸಿ ಮುರುಗಿಸಿ ಅದನ್ನು ಮುಚ್ಚಿಡುತ್ತಾನೆ. ಕನ್ನಡದಲ್ಲಾದರೆ "ಬಂದರು" ಅಂತ ಬಹುವಚನ ಹಾಕಿ ಗಂಡೋ ಹೆಣ್ಣೋ ಹೇಳದೆ ದಾಟಬಹುದು. ಇಂಗ್ಲಿಷ್‌ನವರಿಗೆ ಅದು ಇಷ್ಟು ಸಲೀಸಲ್ಲ. ಈ ಕಷ್ಟ ಯಂತ್ರಕ್ಕೆ ಗೊತ್ತಾಗಬೇಕಲ್ಲ.

ಕಾಂಜಿ_ಕಾಕ:
"ಕನ್ನಡದಲ್ಲಾದರೆ". ಕನ್ನಡದಲ್ಲಿ ಒಂದು ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಸಂಪಿಗೆ:
ಕೇಳಿದ್ದಕ್ಕೆ ಉತ್ತರ ಇಲ್ಲ ಅಂದ ಹಾಗಾಯಿತು.

ಕಾಂಜಿ_ಕಾಕ:
ಜಪಾನಿ ಭಾಷೆಯ ಎನ್3 ಪರೀಕ್ಷೆ ಪಾಸಾಗಿದ್ದೇನೆ ಮೇಡಂ. ನೀವು?

ಪ್ಯಾಚ್_ಮಂಜ:
ಎನ್3 ಇಟ್ಟುಕೊಂಡು ಈ ಧಿಮಾಕು! ಆ ಮಟ್ಟದಲ್ಲಿ ಅಂಗಡಿ ಬೋರ್ಡು, ಸರಳ ಸುದ್ದಿ ಓದಬಹುದು. ಫೇಟ್ ತೆಗೆದು ಒಂದು ಪುಟ ಓದಿ ನೋಡಿ ಕಾಕಾ. ಊಟ ನಿದ್ದೆ ಬಿಟ್ಟು ಪುಕ್ಕಟೆ ಅನುವಾದ ಮಾಡಿದವರನ್ನು "ಕಾಯುವುದೇ ಇಲ್ಲ" ಅಂತ ತಳ್ಳಿಹಾಕುತ್ತೀರಲ್ಲ, ನಾಚಿಕೆ ಆಗಬೇಕು. ಯಂತ್ರಕ್ಕೆ ತುತ್ತು ಹಾಕಿ ಹೊರಬಂದದ್ದನ್ನು ಓದುವುದು ಓದಲ್ಲ.

ಕಾಂಜಿ_ಕಾಕ:
ಪ್ಯಾಚ್ ಹಾಕಿ ಓದುವುದು ಓದಾ? ಸರಿ ಬಿಡಿ.

ಲೀಫ್_1996:
ಓದು ಅನ್ನುವ ಮಾತು ಬಂತಲ್ಲ, ಅದನ್ನೇ ನಾನೂ ಹೇಳುತ್ತಿರುವುದು. ವಿಷುಯಲ್ ನಾವೆಲ್ ಅಂದರೆ ಓದು. ಏಸ್ ಅಟಾರ್ನಿಯಲ್ಲಿ ತಪ್ಪು ಸಾಕ್ಷಿ ತೋರಿಸಿದರೆ ದಂಡ ಬೀಳುತ್ತದೆ, ಆಟ ಸೋಲುತ್ತೀರಿ. ನಾವೆಲ್ ಓದಿ ಸೋತವರನ್ನು ಎಲ್ಲಾದರೂ ನೋಡಿದ್ದೀರಾ? ಜಪಾನಿನವರೂ ಅದನ್ನು ಅಡ್ವೆಂಚರ್ ಅಂತಲೇ ಅನ್ನುವುದು.

ವಕೀಲ್_ಸಾಹೇಬ:
"ಜಪಾನಿನವರೂ"! ಇದಕ್ಕೇ ಕಾಯುತ್ತಿದ್ದೆ. ಮೇಲೆ ನೀವೇ ಸ್ಟೈನ್ಸ್ ಗೇಟ್‌ಗೆ "ನಿಜವಾದ ವಿಷುಯಲ್ ನಾವೆಲ್" ಅಂತ ಸರ್ಟಿಫಿಕೇಟ್ ಕೊಟ್ಟಿರಿ. ಜಪಾನಿನಲ್ಲಿ ಅದನ್ನು ಮಾಡಿದವರು ಯಾವ ಪ್ರಕಾರದ ಆಟ ಅಂತ ಬರೆದುಕೊಂಡಿದ್ದಾರೆ ಗೊತ್ತಾ? ಸೋತೇ ಕಗಾಕು ಎಡಿವಿ. ಊಹಾ ವಿಜ್ಞಾನದ ಅಡ್ವೆಂಚರ್. ನಾವೆಲ್ ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ. ಆಯ್ಕೆಯೂ ನಿಮ್ಮ ನಾವೆಲ್‌ಗಳ ಹಾಗೆ ಪರದೆ ಮೇಲೆ ಬರುವುದಿಲ್ಲ, ಜೇಬಿನಿಂದ ಫೋನ್ ತೆಗೆದು ಮೆಸೇಜಿಗೆ ಉತ್ತರ ಕೊಡಬೇಕು. ಈಗ ಹೇಳಿ.

ಲೀಫ್_1996:
ಫೋನ್ ತೆಗೆಯುವುದಕ್ಕೂ ಸಾಕ್ಷಿ ತೋರಿಸುವುದಕ್ಕೂ ವ್ಯತ್ಯಾಸ ಇದೆ.

ವಕೀಲ್_ಸಾಹೇಬ:
ಎಡಿವಿ ಅಂತ ಅವರೇ ಬರೆದಿದ್ದಾರೆ. ನಿಮ್ಮದೇ ಕಾನೂನು. ಪಟ್ಟಿಯಿಂದ ತೆಗೆಯುತ್ತೀರೋ ಇಲ್ಲವೋ?

ಲೀಫ್_1996:
ತೆಗೆದೆ. ಸ್ಟೈನ್ಸ್ ಗೇಟ್ ಕೂಡ ವಿಷುಯಲ್ ನಾವೆಲ್ ಅಲ್ಲ. ಏಸ್ ಅಟಾರ್ನಿ ಮೊದಲೇ ಅಲ್ಲ.