ಮಗನಿಗೆ ಮೂರು ಡಯಾಗ್ನೋಸಿಸ್ ಬಂದಿದೆ, ಯಾವುದನ್ನು ನಂಬಲಿ?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ನಾಲ್ಕೂವರೆ ವರ್ಷ. ಮೂರು ತುಂಬಿದರೂ ಎರಡು ಪದ ಸೇರಿಸಿ ಮಾತಾಡ್ತಿರಲಿಲ್ಲ. ಆಗ ಮಕ್ಕಳ ಡಾಕ್ಟರು ಮಾತು ತಡ ಅಂತ ಬರೆದರು. ಹೋದ ವರ್ಷ ಬೆಂಗಳೂರಲ್ಲಿ ಆಟಿಸಂ (ಬೇರೆಯವರ ಜೊತೆ ಬೆರೆಯೋದು, ಮಾತುಕತೆಯಲ್ಲಿ ತೊಡಕು) ಅಂದರು. ಈಗ ಇನ್ನೊಬ್ಬರು ಎಡಿಎಚ್‌ಡಿಯೂ (ಗಮನ ನಿಲ್ಲದಿರೋದು, ಅತಿ ಚಟುವಟಿಕೆ) ಇದೆ ಅಂತಿದ್ದಾರೆ. ಬಸ್ಸಿನ ಬೋರ್ಡೆಲ್ಲ ಓದ್ತಾನೆ, ಆದರೆ ‘ನೀರು ಬೇಕಾ?’ ಅಂದರೆ ‘ನೀರು ಬೇಕಾ’ ಅಂತಲೇ ತಿರುಗಿ ಹೇಳ್ತಾನೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಕೋತಾನೆ. ಊಟಕ್ಕೆ ಒಂದು ಕಡೆ ಕೂರಲ್ಲ. ನಮ್ಮತ್ತೆ ‘ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ನಿರು’ ಅಂತಾರೆ. ಮೂರರಲ್ಲಿ ಸರಿ ಯಾವುದು ಅಂತ ಗೊತ್ತಾದರೆ ಅದೊಂದಕ್ಕೇ ಓಡಾಡ್ತೀನಿ.

ಸ್ಪೀಚ್ ಥೆರಪಿಸ್ಟ್, ಶಿವಮೊಗ್ಗ

ಅಮ್ಮಾ, ಮೂರೂ ನಿಜ ಇರಬಹುದು. ಡಾಕ್ಟರುಗಳು ಒಬ್ಬರ ಮಾತನ್ನು ಇನ್ನೊಬ್ಬರು ತಳ್ಳಿಹಾಕಿದ್ದಾರೆ ಅಂದುಕೊಳ್ಳಬೇಡಿ. ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿ ಅಂತಲೂ ಬರೆಯೋದಕ್ಕೆ ಹಿಂದೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅವಕಾಶವೇ ಇರಲಿಲ್ಲ. 2013ರಲ್ಲಿ ಆ ಕೈಪಿಡಿಯ ಹೊಸ ಆವೃತ್ತಿ ಡಿಎಸ್‌ಎಂ-5 ಬಂದಮೇಲೆ ಎರಡನ್ನೂ ಬರೆಯಬಹುದು ಅಂತಾಯಿತು. ಸ್ವೀಡನ್ನಿನ ಮಕ್ಕಳ ಮನೋವೈದ್ಯ ಕ್ರಿಸ್ಟಫರ್ ಗಿಲ್‌ಬರ್ಗ್ 2010ರಲ್ಲಿ ‘ಎಸೆನ್ಸ್’ ಅನ್ನೋ ಹೆಸರಿಟ್ಟು ಹೇಳಿದ್ದೂ ಇದನ್ನೇ: ಎಳವೆಯಲ್ಲಿ ಮಾತು, ಗಮನ, ಬೆರೆಯೋದು, ನಿದ್ದೆ, ಯಾವುದರಲ್ಲಿ ತೊಡಕು ಕಂಡರೂ ಉಳಿದವನ್ನೂ ನೋಡಲೇಬೇಕು.

ನಾನು ಮಾತ್ರ ಹೆಸರಿಗಿಂತ ಕಾರಣದ ಹಿಂದೆ ಹೋಗ್ತೀನಿ. ಮಗು ಕ್ಲಾಸಲ್ಲಿ ಎದ್ದು ಓಡುತ್ತೆ ಅಂದುಕೊಳ್ಳಿ. ಮಿಸ್ ‘ಪುಸ್ತಕ ತೆಗೀರಿ’ ಅಂದದ್ದೇ ಅರ್ಥವಾಗದೆ ಎದ್ದಿರಬಹುದು. ನಲವತ್ತು ಮಕ್ಕಳ ಗಲಾಟೆ ತಡೆಯಲಾಗದೆ ಎದ್ದಿರಬಹುದು. ಏನೂ ಕಾರಣವಿಲ್ಲದೆ, ತನಗಿಷ್ಟವಾದ ಆಟದ ನಡುವೆಯೂ ಹಾಗೇ ಏಳ್ತಾನೆ ಅಂದರೆ ಗಮನದ ತೊಂದರೆಯ ಅನುಮಾನ ಬಲವಾಗುತ್ತೆ. ಓಟ ಒಂದೇ, ಮಾಡಬೇಕಾದ ಕೆಲಸ ಬೇರೆ ಬೇರೆ. ಏಳುವ ಮುಂಚೆ ಏನಾಯ್ತು, ಎದ್ದಮೇಲೆ ಏನು ಸಿಕ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಶಾಲೆಯ ಮಿಸ್ ಹತ್ರಾನೂ ಕೇಳಿ ಬರೀರಿ. ಮನೆಯಲ್ಲಷ್ಟೇ ಅಥವಾ ಶಾಲೆಯಲ್ಲಷ್ಟೇ ಕಂಡರೆ ಎಡಿಎಚ್‌ಡಿ ಅನ್ನೋಕಾಗಲ್ಲ, ಎರಡು ಕಡೆಯಾದರೂ ಕಾಣಬೇಕು.

ಇದಕ್ಕೆಲ್ಲ ಮುಂಚೆ, ಬೆರಾ ಟೆಸ್ಟ್ (ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತಾ ಅಂತ ನೋಡೋ ಪರೀಕ್ಷೆ) ಆಗಿದೆಯಾ? ಕುಕ್ಕರ್ ಸದ್ದಿಗೆ ಬೆಚ್ಚುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳದೆ ಇರಬಹುದು. ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಕಿವಿ, ಮಾತು ಎರಡನ್ನೂ ಒಂದೇ ಆವರಣದಲ್ಲಿ ನೋಡ್ತಾರೆ.

ಹಾಸನದ ಅಪ್ಪ

ಅಕ್ಕಾ, ಕಾಗದಪತ್ರದ ವಿಷಯ ನಾನು ಹೇಳ್ತೀನಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಇದೆ. ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಹಾಗಾಗಿ ಆಟಿಸಂ ವರದಿಯನ್ನು ಜೋಪಾನ ಮಾಡಿ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಐಎಸ್‌ಎಎ ಅಂತ, ಆಟಿಸಂ ಎಷ್ಟಿದೆ ಅಂತ ನೋಡೋ 40 ಅಂಶಗಳ ಅಳತೆ ಮಾಡ್ತಾರೆ, ಅದನ್ನು ಕೇಳಿ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಕೂಡ ಆಟಿಸಂಗೆ ಸಿಗುತ್ತೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಗೂ ಅದರಲ್ಲಿ ಒಂದು ಪಾಲಿದೆ. ನನ್ನ ಮಗಳಿಗೂ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಎರಡನೇ ಹೆಸರು ಬಂದಾಗ ನನ್ನ ಹೆಂಡತಿ ಅತ್ತಿದ್ದಳು. ಆದರೆ ಅದಾದಮೇಲೇ ಶಾಲೆಯಲ್ಲಿ ಮುಂದಿನ ಬೆಂಚು ಕೊಟ್ಟು, ಕೆಲಸವನ್ನು ತುಂಡುತುಂಡು ಮಾಡಿ ಕೊಡೋಕೆ ಶುರು ಮಾಡಿದ್ದು.

ತಿಪಟೂರಿನ ಅಮ್ಮ

ಇಬ್ಬರಿಗೂ ತುಂಬಾ ಧನ್ಯವಾದ. ಬೆರಾ ಮಾಡಿಸಿಲ್ಲ, ಯಾರೂ ಹೇಳಿರಲೇ ಇಲ್ಲ. ಎಡಿಎಚ್‌ಡಿಗೆ ಈಗಲೇ ಮಾತ್ರೆ ಶುರು ಮಾಡಬೇಕಾ?

ಸ್ಪೀಚ್ ಥೆರಪಿಸ್ಟ್, ಶಿವಮೊಗ್ಗ

ಮಾತ್ರೆ ನಿರ್ಧಾರ ಮಕ್ಕಳ ಮನೋವೈದ್ಯರದ್ದು. ಆದರೆ ಆರು ವರ್ಷದೊಳಗೆ ಸಾಮಾನ್ಯವಾಗಿ ಮೊದಲು ಕೊಡೋದು ತಂದೆತಾಯಿಗೆ ತರಬೇತಿ, ಮಾತ್ರೆ ಆಮೇಲೆ. ಮಾತಿನ ಕೆಲಸಕ್ಕೆ ಮಾತ್ರ ಯಾವ ಹೆಸರು ಖಚಿತವಾಗಲಿ ಅಂತಲೂ ಕಾಯಬೇಕಿಲ್ಲ, ಇವತ್ತೇ ಶುರು ಮಾಡಿ. ‘ನೀರು ಬೇಕಾ?’ ಅಂತ ಕೇಳೋ ಬದಲು ಲೋಟ ಹಿಡಿದು, ಅವನು ಹೇಳಬೇಕಾದ್ದನ್ನೇ ನೀವು ಹೇಳಿ: ‘ನೀರು ಬೇಕು’. ತಕ್ಷಣ ಕೊಡಿ. ಬೆರಾ ವರದಿ ಬಂದಮೇಲೆ ಇಲ್ಲೇ ತಿಳಿಸಿ, ಮುಂದಿನದು ನೋಡೋಣ.