ಆಲ್ಪ್ಸ್ ಹಳ್ಳಿಯಲ್ಲಿ ಒಂದಷ್ಟು ದಿನ ಇರಬೇಕು: ಯಾವ ಊರು, ಯಾವ ತಿಂಗಳು?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ಸಣ್ಣ ಕಾಫಿ ತೋಟ, ಜೊತೆಗೆ ಒಂದಿಷ್ಟು ಮೆಣಸು. ಮಕ್ಕಳ ಓದು, ಮದುವೆ ಎಲ್ಲ ಮುಗಿದಿದೆ, ಕಾಫಿ ರೇಟೂ ಕೈ ಹಿಡಿದಿದೆ, ಈಗ ಹೋಗದಿದ್ದರೆ ಇನ್ಯಾವಾಗ ಅಂತ ನಮ್ಮ ಮನೆಯವಳು ಪಟ್ಟು ಹಿಡಿದಿದ್ದಾಳೆ. ಯುರೋಪಿನಲ್ಲಿ ಎರಡು ತಿಂಗಳು ಸುತ್ತುವ ಯೋಚನೆ. ಪ್ಯಾರಿಸ್, ವಿಯೆನ್ನಾ, ರೋಮ್ ಎಲ್ಲ ಇರಲಿ, ಆದರೆ ಮಧ್ಯೆ ಎಲ್ಲಾದರೂ ಒಂದು ಬೆಟ್ಟದ ಹಳ್ಳಿಯಲ್ಲಿ ಮನೆ ಹಿಡಿದು ಸುಮ್ನೆ ಇದ್ದುಬಿಡಬೇಕು ಅನ್ನೋದು ಅವಳ ಆಸೆ. ಬೆಳಗ್ಗೆ ಆರಕ್ಕೆ ಬ್ಯಾಗ್ ಕಟ್ಟಿ ಬಸ್ಸಿಗೆ ಓಡುವ ಪ್ಯಾಕೇಜ್ ಟೂರ್ ಇಬ್ಬರಿಗೂ ಬೇಡ.

ಯಾವ ಊರು ಒಳ್ಳೆಯದು? ಯಾವ ತಿಂಗಳು? ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು ಶುರುವಾಗುತ್ತೆ, ಅಷ್ಟರೊಳಗೆ ಮನೆಯಲ್ಲಿರಬೇಕು. ವೀಸಾಗೆ ಐಟಿ ರಿಟರ್ನ್ ಕೇಳುತ್ತಾರಂತೆ, ನಮ್ಮದೆಲ್ಲ ಕೃಷಿ ಆದಾಯ. ಅವಳು ಪೂರ್ತಿ ಸಸ್ಯಾಹಾರಿ, ನನ್ನ ಮಂಡಿ ಅಷ್ಟಕ್ಕಷ್ಟೇ. ನನ್ನ ತಮ್ಮನಂತೂ ಬಿದ್ದು ಬಿದ್ದು ನಗುತ್ತಾನೆ. ನಮ್ಮ ದೇವರಮನೆ ಬೆಟ್ಟದಲ್ಲಿ ಬಿಟ್ಟಿ ಸಿಗೋ ಮಂಜಿಗೆ ಅಷ್ಟೊಂದು ದುಡ್ಡು ಸುರೀತೀರಲ್ಲ ಅಂತಾನೆ.

ಘಾಟಿ ಅಂಚು, ಸಕಲೇಶಪುರ:
ಅಣ್ಣ, ನಿಮ್ಮ ತಮ್ಮನಿಗೆ ಒಂದು ಲೆಕ್ಕ ಕೊಡ್ತೀನಿ ಇರಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ನಾನು ಹೇಳೋ ಊರು ಸ್ವಿಟ್ಜರ್ಲೆಂಡಿನ ಮ್ಯೂರೆನ್, ಅದು 1,638 ಮೀಟರ್. ಅಂದರೆ ಗಿರಿಗಿಂತ ತಗ್ಗು! ಆದರೆ ಅಲ್ಲಿ ಕಿಟಕಿ ತೆಗೆದರೆ ಎದುರಿಗೇ ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರ ನಿಂತಿರುತ್ತವೆ, ಯುಂಗ್‌ಫ್ರಾವ್ 4,158 ಮೀಟರ್, ಬೇಸಿಗೆಯಲ್ಲೂ ಹಿಮ ಕರಗಲ್ಲ. ದೇವರಮನೆ ನನಗೂ ಇಷ್ಟವೇ, ಆದರೆ ಅದು ಬೇರೆ, ಇದು ಬೇರೆ.

ತಿಂಗಳು ಅಂದರೆ ಸೆಪ್ಟೆಂಬರ್, ಎರಡು ಮಾತಿಲ್ಲ. ಆಗಸ್ಟ್ ಕೊನೆಗೆ ಬೋರ್ಡೋ ಸ್ಪ್ರೇ ಮುಗಿಸಿ ತೋಟ ಮೇಸ್ತ್ರಿಗೆ ಒಪ್ಪಿಸಿ ಹೊರಡಿ. ಬೆಟ್ಟ ಮೊದಲು, ಪೇಟೆ ಆಮೇಲೆ. ಇದನ್ನು ತಿರುವುಮುರುವು ಮಾಡಬೇಡಿ, ಯಾಕಂದ್ರೆ ಅಕ್ಟೋಬರ್ ಕಳೆಯುತ್ತಾ ಬಂದ ಹಾಗೆ ಅಲ್ಲಿ ಎಷ್ಟೋ ಕೇಬಲ್ ಕಾರ್‌ಗಳನ್ನು ರಿಪೇರಿಗೆ ಅಂತ ನಿಲ್ಲಿಸುತ್ತಾರೆ, ಹೋಟೆಲ್‌ಗಳೂ ಬಾಗಿಲು ಹಾಕುತ್ತವೆ, ಡಿಸೆಂಬರ್‌ನಲ್ಲಿ ಸ್ಕೀ ಶುರುವಾಗೋವರೆಗೆ ಊರು ಬಿಕೋ ಅನ್ನುತ್ತೆ. ರೋಮ್ ಅಕ್ಟೋಬರ್‌ನಲ್ಲೂ ಬೆಚ್ಚಗೇ ಇರುತ್ತೆ. ಇನ್ನೊಂದು ಕಾರಣ ಹಸುಗಳು. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿ ಮೇಯ್ದ ಹಸುಗಳನ್ನು ಸೆಪ್ಟೆಂಬರ್‌ನಲ್ಲಿ ತಲೆಗೆ ಹೂವು ಕಟ್ಟಿ, ಕೊರಳಿಗೆ ದೊಡ್ಡ ಗಂಟೆ ಹಾಕಿ ಕೆಳಗೆ ಇಳಿಸುತ್ತಾರೆ. ಥುನ್ ಸರೋವರದ ಹತ್ತಿರ ಯುಸ್ಟಿಸ್ಟಾಲ್ ಅಂತ ಒಂದು ಕಣಿವೆ ಇದೆ, ಅಲ್ಲಿ ಯಾರ ಹಸು ಎಷ್ಟು ಹಾಲು ಕೊಟ್ಟಿತೋ ಅದರ ಲೆಕ್ಕಕ್ಕೆ ಚೀಸ್ ಪಾಲು ಮಾಡುತ್ತಾರೆ. ಅದೂ ಸೆಪ್ಟೆಂಬರ್‌ನಲ್ಲೇ.

ಮ್ಯೂರೆನ್‌ಗೆ ಕಾರು ಹೋಗಲ್ಲ. ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರ್‌ನಲ್ಲಿ ಗ್ರುಟ್ಷಾಲ್ಪ್‌ಗೆ ಹತ್ತಿ ಅಲ್ಲಿಂದ ಪುಟ್ಟ ರೈಲು. ಹಳಿ ಪಕ್ಕದಲ್ಲೇ ನಡೆಯುವ ದಾರಿ ಇದೆ, ಹೆಚ್ಚುಕಮ್ಮಿ ಮಟ್ಟಸ. ಮಂಡಿ ತಕರಾರು ಮಾಡಿದರೆ ನಡುವೆ ವಿಂಟರೆಗ್‌ನಲ್ಲಿ ರೈಲು ಹತ್ತಿಬಿಡಿ.

ನಾವಿದ್ದ ಮನೆ ಹಿಂದೆ ಕಡಿದಾದ ಇಳಿಜಾರು. ಗಂಡ ಹೆಂಡತಿ ಇಬ್ಬರೇ ಹುಲ್ಲು ಕುಯ್ಯುತ್ತಿದ್ದರು. ಮೆಷಿನ್ ಹೋಗೋ ಕಡೆ ಮೆಷಿನ್, ಬೇಲಿ ಅಂಚಿಗೆ ಉದ್ದ ಹಿಡಿಯ ಕುಡುಗೋಲು. ಅವನು ಕುಯ್ದದ್ದನ್ನು ಅವಳು ಮರದ ಹಲ್ಲಿನ ಗೋರೆಯಿಂದ ಎಳೆದು ಸಾಲು ಮಾಡುತ್ತಿದ್ದಳು. ಒಬ್ಬ ಆಳಿಲ್ಲ! ನಮ್ಮ ಯಜಮಾನರು ಲೋಟ ಹಿಡಿದು ನಿಂತವರು ಕಾಫಿ ತಣ್ಣಗಾದರೂ ಕದಲಲಿಲ್ಲ. ಇಂಥ ಇಳಿಜಾರಿನಲ್ಲಿ ಬೇಸಾಯ ಮಾಡುವ ರೈತರಿಗೆ ಸರ್ಕಾರ ನೇರವಾಗಿ ಹಣ ಕೊಡುತ್ತೆ, ಇಳಿಜಾರು ಜಾಸ್ತಿಯಾದ ಹಾಗೆ ಹಣವೂ ಜಾಸ್ತಿ. ಕುಯ್ಯದೆ ಬಿಟ್ಟರೆ ಗಿಡಗಂಟಿ ಬೆಳೆದು ಹುಲ್ಲುಗಾವಲೇ ಮುಚ್ಚಿಹೋಗುತ್ತೆ ಅಲ್ವಾ. ಪೋಸ್ಟ್‌ಕಾರ್ಡ್‌ನಲ್ಲಿ ಕಾಣೋ ಆ ಹಸಿರಿನ ಹಿಂದೆ ಇಷ್ಟು ಕೆಲಸ ಇದೆ ಅಂತ ತೋಟದವರಿಗೆ ಬೇಗ ಅರ್ಥವಾಗುತ್ತೆ.

ಬೆಟ್ಟ ಬೆಟ್ಟ:
ಅಕ್ಕ ಹೇಳಿದ್ದು ಸರಿ, ಆದರೆ ಖರ್ಚಿನ ಮಾತೇ ಎತ್ತಲಿಲ್ಲ! ಸ್ವಿಸ್‌ನಲ್ಲಿ ಇಬ್ಬರು ಹೋಟೆಲ್‌ನಲ್ಲಿ ಕೂತು ಉಂಡು ಬಿಲ್ ನೋಡಿದರೆ ಉಂಡದ್ದು ಅರಗಲ್ಲ. ನನ್ನ ಓಟು ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ. ಒರ್ಟಿಸೇಯಿ ಅಂತ ಊರು, ಬೊಲ್ಜಾನೋವರೆಗೆ ರೈಲು, ಅಲ್ಲಿಂದ ಬಸ್ಸು. ಊರಿನಿಂದಲೇ ಕೇಬಲ್ ಕಾರ್ ಹತ್ತಿದರೆ ಆಲ್ಪೆ ದಿ ಸಿಯೂಸಿ, ಯುರೋಪಿನಲ್ಲೇ ದೊಡ್ಡ ಎತ್ತರದ ಹುಲ್ಲುಗಾವಲು, 56 ಚದರ ಕಿಲೋಮೀಟರ್. ಊಟಕ್ಕೆ ಪಾಸ್ತಾ, ಪಿಜ್ಜಾ ಇರುವುದರಿಂದ ಸಸ್ಯಾಹಾರಿಗಳಿಗೂ ಚಿಂತೆ ಕಮ್ಮಿ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಫೋಟೋ ನೋಡಿ ಮಾತ್ರ ಮರುಳಾಗಬೇಡಿ. ಸಾವಿರ ಜನವೂ ಇಲ್ಲದ ಊರಿಗೆ ಬಸ್ಸುಗಟ್ಟಲೆ ಜನ ಬಂದು ಇಳಿಯುತ್ತಾರೆ, ವೀಕೆಂಡ್‌ನಲ್ಲಿ ನಮ್ಮ ಗಿರಿ ರಸ್ತೆ ಹೇಗಿರುತ್ತೋ ಹಾಗೆ.

ಸ್ವಿಸ್ಸೇ ಅಂತಾದರೆ ಟ್ರಾವೆಲ್ ಪಾಸ್ ಬೇಡ, ಅದು ದಿನಾ ಊರೂರು ಸುತ್ತೋರಿಗೆ. ಒಂದೇ ಕಡೆ ಇರೋರಿಗೆ ಹಾಫ್ ಫೇರ್ ಕಾರ್ಡ್ ಸಾಕು. ಒಂದು ತಿಂಗಳು ನಡೆಯುತ್ತೆ, ರೈಲು, ಬಸ್ಸು, ದೋಣಿ, ಎಷ್ಟೋ ಬೆಟ್ಟದ ರೈಲುಗಳಲ್ಲೂ ಅರ್ಧ ದರ. ಯುಂಗ್‌ಫ್ರಾವ್‌ಯೋಖ್‌ಗೆ, 3,454 ಮೀಟರ್ ಎತ್ತರದ ಆ ಸ್ಟೇಷನ್‌ಗೆ, ಮುಂಚೆಯೇ ಟಿಕೆಟ್ ತೆಗೆಯಬೇಡಿ. ಬೆಳಗ್ಗೆ ಎದ್ದು ವೆಬ್‌ಕ್ಯಾಮ್ ನೋಡಿ, ಮೇಲೆ ಬಿಸಿಲಿದ್ದರೆ ಹೊರಡಿ. ಮೋಡ ಇದ್ದರೆ ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿ ಬರಬೇಕಾಗುತ್ತೆ. ಒಂದೇ ಊರಲ್ಲಿ ಇರೋದರ ದೊಡ್ಡ ಲಾಭ ಅದೇ, ಇವತ್ತಲ್ಲ ನಾಳೆ ಹೋಗಬಹುದು.

ಲೆಕ್ಕದ ಪುಸ್ತಕ, ಹಾಸನ:
ವೀಸಾ ಬಗ್ಗೆ ಮಾತ್ರ ಹೇಳ್ತೀನಿ ಸರ್. ನೀವು ಹೆಸರಿಸಿದ ದೇಶಗಳಿಗೆಲ್ಲ ಒಂದೇ ಷೆಂಗೆನ್ ವೀಸಾ, ಸ್ವಿಟ್ಜರ್ಲೆಂಡೂ ಅದರಲ್ಲೇ ಬರುತ್ತೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. 180 ದಿನದಲ್ಲಿ 90 ದಿನ ಇರಬಹುದು, ನಿಮ್ಮ ಎರಡು ತಿಂಗಳಿಗೆ ತೊಂದರೆ ಇಲ್ಲ. ಹೊರಡುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು.

ಆದಾಯದ ವಿಷಯ. ಚೆರಿ (ಇಡೀ ಒಣಗಿಸಿದ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ, ಅಂದರೆ ಹೊಟ್ಟು ತೆಗೆಸಿ ಮಾರಿದರೆ ಆ ಆದಾಯದ ಶೇ 25 ಭಾಗ ತೆರಿಗೆ ಲೆಕ್ಕಕ್ಕೆ ಬರುತ್ತೆ. ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಿ ಅದರಲ್ಲಿ ಕೃಷಿ ಆದಾಯ ತೋರಿಸಿ. ತೆರಿಗೆ ಇಲ್ಲ, ರಿಟರ್ನ್ ಯಾಕೆ ಅಂತ ನಮ್ಮ ಕಡೆ ಎಷ್ಟೋ ಜನ ಸುಮ್ಮನಿರುತ್ತಾರೆ, ವೀಸಾ ಹೊತ್ತಿಗೆ ಪೇಚಾಡುತ್ತಾರೆ. ಜೊತೆಗೆ ಪಹಣಿ, ಕಾಫಿ ಮಾರಿದ ಬಿಲ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಪಹಣಿಗೆ ಇಂಗ್ಲಿಷ್ ಅನುವಾದ ಮಾಡಿಸಿ. ಊರಲ್ಲಿ ಆಸ್ತಿ ಇದೆ, ವಾಪಸ್ ಬಂದೇ ಬರುತ್ತಾರೆ ಅಂತ ನಂಬಿಸೋಕೆ ಅದು ಒಳ್ಳೆ ಕಾಗದ. ಅರ್ಜಿಗೆ ಸ್ವಲ್ಪ ಮುಂಚೆ ಅಕೌಂಟಿಗೆ ದಿಢೀರಂತ ದೊಡ್ಡ ಮೊತ್ತ ತುಂಬಬೇಡಿ, ಎಲ್ಲಿಂದ ಬಂತು ಅಂತ ಕೇಳುತ್ತಾರೆ. ವೀಸಾ ಕೈಗೆ ಬರೋವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ಮನೆಯನ್ನೇ ಬುಕ್ ಮಾಡಿ.

ಮೂಡಿಗೆರೆ ತೋಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒರ್ಟಿಸೇಯಿ ಫೋಟೋನೂ ತೋರಿಸಿದೆ, ಆದರೆ ಹುಲ್ಲು ಕುಯ್ಯೋ ಕಥೆ ಕೇಳಿದ ಮೇಲೆ ಅವಳದು ಮ್ಯೂರೆನ್ನೇ. ಈಗ ಅಡುಗೆ ಪ್ರಶ್ನೆ ಶುರುವಾಗಿದೆ. ಕುಕ್ಕರ್, ತುಪ್ಪ, ಕರಿಬೇವು, ನಮ್ಮ ತೋಟದ ಕಾಫಿಪುಡಿ, ಫಿಲ್ಟರ್ ಎಲ್ಲ ಪಟ್ಟಿಯಲ್ಲಿವೆ. ಒಯ್ಯಬಹುದಾ?

ಘಾಟಿ ಅಂಚು, ಸಕಲೇಶಪುರ:
ಕಾಫಿಪುಡಿ, ಫಿಲ್ಟರ್ ಧಾರಾಳವಾಗಿ. ತುಪ್ಪ ಬೇಡ ಅಣ್ಣ, ಹಾಲಿನದೂ ಮಾಂಸದ್ದೂ ಇಲ್ಲಿಂದ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ. ಅಲ್ಲಿ ಬೆಣ್ಣೆ ಚೆನ್ನಾಗಿ ಸಿಗುತ್ತೆ, ಕಾಯಿಸಿಕೊಳ್ಳಿ ಅಂತ ಅತ್ತಿಗೆಗೆ ಹೇಳಿ. ಆದರೆ ತುಪ್ಪ ಕಾಯಿಸುವಾಗ, ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿರಲಿ, ಹೊಗೆಗೆ ಅಲಾರಂ ಹೊಡೆದುಕೊಂಡರೆ ಅಕ್ಕಪಕ್ಕದವರೆಲ್ಲ ಹೊರಗೆ ಬರುತ್ತಾರೆ. ಇಂಡಕ್ಷನ್ ಒಲೆಯಾದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ. ಬುಕ್ ಮಾಡುವ ಮುಂಚೆ ಯಾವ ಒಲೆ ಅಂತ ಮನೆಯವರನ್ನು ಕೇಳಿ.

ಚೀಸ್ ಬಗ್ಗೆ ಅತ್ತಿಗೆಗೆ ಮೊದಲೇ ಹೇಳಿಬಿಡಿ. ಗ್ರುಯೇರ್, ಪಾರ್ಮೆಸಾನ್ ಇವಕ್ಕೆಲ್ಲ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಪಾಸ್ತಾ ಮೇಲೂ ಅದನ್ನೇ ಉದುರಿಸುತ್ತಾರೆ, ಡೊಲೊಮೈಟ್ಸ್‌ನವರು ಇದನ್ನು ಹೇಳಲಿಲ್ಲ. ಆಲೂಗಡ್ಡೆ ತುರಿದು ಹುರಿದ ರೋಸ್ಟಿ ಸಿಗುತ್ತೆ, ಬೇಕನ್ (ಹಂದಿ ಮಾಂಸ) ಬೇಡ ಅಂತ ಬಾಯಿಬಿಟ್ಟು ಹೇಳಬೇಕು.

ಇನ್ನು ಕಸ. ಅಂಗಡಿಯಲ್ಲಿ ಮಾರುವ ದುಬಾರಿ ಚೀಲದಲ್ಲೇ ಕಸ ಹಾಕಬೇಕು, ಚೀಲದ ಬೆಲೆಯಲ್ಲೇ ಕಸದ ತೆರಿಗೆ ಸೇರಿರುತ್ತೆ. ಭಾನುವಾರ ಗಾಜಿನ ಬಾಟಲಿ ಹಾಕೋಕೆ ಹೋಗಬೇಡಿ, ಸದ್ದಾಗುತ್ತೆ ಅಂತ ಬೈಯುತ್ತಾರೆ. ಹಸುವಿನ ಗಂಟೆ ರಾತ್ರಿಯೆಲ್ಲ ಢಣಢಣ ಅನ್ನುತ್ತೆ, ಅದಕ್ಕೆ ಮಾತ್ರ ಯಾರೂ ಏನೂ ಅನ್ನಲ್ಲ! ಅಕ್ಕಿ, ಬೇಳೆ, ತರಕಾರಿಯೆಲ್ಲ ಕೆಳಗೆ ಇಂಟರ್‌ಲಾಕನ್‌ನಲ್ಲೇ ಕೊಂಡು ಮೇಲೆ ಹತ್ತಿ, ಅಲ್ಲಿ ದೊಡ್ಡ ಅಂಗಡಿಗಳಿವೆ, ಮೇಲಿನ ಅಂಗಡಿ ಚಿಕ್ಕದು, ಬೇಗ ಮುಚ್ಚುತ್ತೆ. ಭಾನುವಾರ ಮಾತ್ರ ಹೋಗಿ ಇಳಿಯಬೇಡಿ, ಅವತ್ತು ಕೆಳಗೂ ಹೆಚ್ಚಿನ ಅಂಗಡಿ ತೆಗೆದಿರಲ್ಲ.